ಒಂದೇ ಬಣ್ಣದ ಮನೆಗಳು

ಬಳ್ಳಾರಿಯ ಕೌಲ್ ಬಜಾರ್ ಬಿಟ್ಟು ಕುರುಗೋಡಿನ ಹೊರಗಿರುವ ನಿವೃತ್ತರ ಬಡಾವಣೆಗೆ ಹೋಗಬೇಕೆಂದು ತೀರ್ಮಾನ ಮಾಡಿದವಳು ನಾನೇ. ನನ್ನ ಗಂಡನನ್ನು ಕೇಳದೆ ಮಾಡಲಿಲ್ಲ. ಕೇಳಿದಾಗ ಅವರು, "ನೀ ಹೆಂಗಂತೀಯೋ ಹಂಗ" ಎಂದರು. ಆದರೆ ಆ ಹೊತ್ತಿಗೆ ನಾನು ಏನು ಕೇಳಿದರೂ ಅವರು ಅದೇ ಮಾತು ಹೇಳುತ್ತಿದ್ದರು.

ಅವರು ಜೀನ್ಸ್ ಪ್ಯಾಂಟು ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದರು. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಅವರು ಕತ್ತರಿಸಿದರೆ ಒಂದು ಬೆರಳಗಲ ಬಟ್ಟೆಯೂ ವ್ಯರ್ಥವಾಗುತ್ತಿರಲಿಲ್ಲ ಎಂದು ಜೊತೆಗಿದ್ದವರು ಹೇಳುತ್ತಿದ್ದರು. ನಾನು ಸಿರುಗುಪ್ಪ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಕಲಿಸಿದವಳು. ಬೆಳಿಗ್ಗೆ ಬಳ್ಳಾರಿಯಿಂದ ಬಸ್ಸು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ನಮ್ಮದು ಮನೆಯಲ್ಲೂ ಕನ್ನಡವನ್ನೇ ಆಡುವ ಮುಸಲ್ಮಾನ ಕುಟುಂಬ. ಒಬ್ಬಳೇ ಮಗಳು, ಅವಳನ್ನು ಸಿರುಗುಪ್ಪಕ್ಕೇ ಕೊಟ್ಟೆವು. ಅಳಿಯನಿಗೆ ಅಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ.

ನಾನು ನಿವೃತ್ತಳಾದ ವರ್ಷವೇ ಅವರ ಮರೆವು ಶುರುವಾಯಿತು. ಮೊದಮೊದಲು ಮಸೀದಿಯಿಂದ ಬೇರೆಯವರ ಚಪ್ಪಲಿ ಹಾಕಿಕೊಂಡು ಬರುತ್ತಿದ್ದರು. ನಾನು ನಗುತ್ತಿದ್ದೆ. ಆಮೇಲೆ ಹಾಲು ತರಲು ಹೋದವರು ಗಂಟೆಗಟ್ಟಲೆ ಬರುತ್ತಿರಲಿಲ್ಲ. ಆದರೆ ಕೌಲ್ ಬಜಾರಿನಲ್ಲಿ ಅವರು ಕಳೆದುಹೋಗುವುದು ಸಾಧ್ಯವೇ ಇರಲಿಲ್ಲ. ಯಾರಾದರೊಬ್ಬರು ಕೈಹಿಡಿದು ಕರೆತಂದು ಬಿಡುತ್ತಿದ್ದರು. "ಟೀಚರಮ್ಮ, ಮಾಸ್ಟ್ರು ನಮ್ಮ ಅಂಗಡಿ ಮುಂದ ಕುಂತಿದ್ರು, ಕರ್ಕೊಂಡು ಬಂದೀನ್ರಿ" ಎಂದು ಸೈಕಲ್ ಅಂಗಡಿಯವನೋ, ಬೇಕರಿಯವನೋ ಹೇಳುವಾಗ ನನಗೆ ತಲೆ ತಗ್ಗಿಸುವಂತಾಗುತ್ತಿತ್ತು. ಅಂಥ ಕೆಲಸಗಾರನನ್ನು ಜನ ಹೀಗೆ ನೋಡುತ್ತಿದ್ದಾರಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಕೊನೆಗೆ ಒಂದು ದಿನ ಮಾರ್ಕೆಟ್ ದಾರಿಯಲ್ಲಿ ಆಟೋ ತಗುಲಿ ಬಲಗೈಯ ಮಣಿಕಟ್ಟು ಮುರಿಯಿತು. ಡಾಕ್ಟರು ಕೈಗೆ ಪಟ್ಟಿ ಹಾಕಿ, "ಇವರನ್ನ ಗದ್ದಲ ಇಲ್ಲದ ಕಡೆ ಇಟ್ಟರೆ ಒಳ್ಳೇದು" ಎಂದರು. ನಾನು ಅದನ್ನೇ ಹಿಡಿದುಕೊಂಡೆ.

ಜೊತೆಯಲ್ಲಿ ಕೆಲಸ ಮಾಡಿದ್ದ ಶಿಕ್ಷಕಿಯೊಬ್ಬರು ಈ ಬಡಾವಣೆಯ ವಿಷಯ ಹೇಳಿದ್ದರು. ನಿವೃತ್ತರಿಗೆಂದೇ ಕಟ್ಟಿದ ಸಣ್ಣ ಮನೆಗಳು. ಎಲ್ಲವೂ ನೆಲಮಟ್ಟದವು, ಒಳಗೆ ಮೆಟ್ಟಿಲುಗಳಿಲ್ಲ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ. ವಾರಕ್ಕೆ ಎರಡು ಸಲ ನರ್ಸ್ ಬಂದು ಬಿಪಿ ನೋಡುತ್ತಾಳೆ. ಹಿಂದೆ ಕಾಲುವೆ, ಅದರಾಚೆ ಮೆಣಸಿನಕಾಯಿ ಹೊಲ, ದೂರದಲ್ಲಿ ಬಂಡೆಗಳ ಗುಡ್ಡ. ಒಂದು ಸಲ ಹೋಗಿ ನೋಡಿ ಬಂದೆ. ಅಲ್ಲಿನ ಗಾಳಿಯ ಸದ್ದು ಕೇಳಿಯೇ ನನ್ನ ಮನಸ್ಸು ಒಪ್ಪಿತು.

ಸಾಮಾನಿಗೆ ಒಂದು ಸಣ್ಣ ಲಾರಿಯೇ ಸಾಕಾಯಿತು. ಇಪ್ಪತ್ತಾರು ವರ್ಷ ಬಾಡಿಗೆಗಿದ್ದ ಮನೆಯ ಬೀಗದ ಕೈ ಮಾಲೀಕರಿಗೆ ಕೊಡುವಾಗ ನನಗೆ ಅಳು ಬರಲಿಲ್ಲ. ನನ್ನ ಗಂಡ ಲಾರಿಯ ಪಕ್ಕ ನಿಂತು, ಯಾರೋ ಬೇರೆಯವರು ಮನೆ ಖಾಲಿ ಮಾಡುತ್ತಿದ್ದಾರೆ ಎಂಬಂತೆ ನೋಡುತ್ತಿದ್ದರು.

ಹೊಸ ಜಾಗದಲ್ಲಿ ನಾನು ಅವರ ಕಾಯಿಲೆಯ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ. ಎಡಗಡೆ ಮನೆಯಲ್ಲಿ ಒಬ್ಬ ನಿವೃತ್ತ ಬಸ್ ಡ್ರೈವರ್ ಹೆಂಡತಿಯ ಜೊತೆ ಇದ್ದರು. ಹಿಂದಿನ ಸಾಲಿನಲ್ಲಿ ರಾರಾವಿ ಕಡೆಯ ಒಬ್ಬ ಹೆಂಗಸು ಒಂಟಿಯಾಗಿದ್ದರು, ಲೈನ್‌ಮನ್ ಆಗಿದ್ದ ಅವರ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರೆಲ್ಲ ಮಾತನಾಡಿಸಲು ಬಂದಾಗ, "ನಮ್ಮ ಮನೆಯವರದು ಮಾತು ಸ್ವಲ್ಪ ಕಡಿಮೆ" ಎಂದುಬಿಟ್ಟೆ. ಇಲ್ಲಿಯಾದರೂ ಜನ ಅವರನ್ನು ಮಾಸ್ಟರ್ ಎಂದೇ ಕಾಣಲಿ ಎಂಬ ಆಸೆ. ದಿನಕ್ಕೆರಡು ಬಾರಿ ನಾನೇ ಜೊತೆಗಿದ್ದು ಕಾಲುವೆಯವರೆಗೆ ನಡೆಸಿಕೊಂಡು ಬರುತ್ತಿದ್ದೆ. ಉಳಿದ ಹೊತ್ತು ಗೇಟಿನ ಚಿಲಕ ಹಾಕಿರುತ್ತಿದ್ದೆ.

ಎರಡನೆಯ ತಿಂಗಳು ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈತೊಳೆದು ಹೊರಗೆ ಬಂದರೆ ಕುರ್ಚಿ ಖಾಲಿ, ಗೇಟು ತೆರೆದಿತ್ತು. ಬೀದಿಗೆ ಓಡಿದೆ. ಎಡಕ್ಕೂ ಬಲಕ್ಕೂ ಅದೇ ತಿಳಿಹಳದಿ ಗೋಡೆ, ಅದೇ ಹಸಿರು ಗೇಟು. ಇಷ್ಟು ದಿನ ಚೆಂದವೆಂದುಕೊಂಡಿದ್ದ ಆ ಮನೆಗಳನ್ನು ಕಂಡು ಮೊದಲ ಸಲ ಭಯವಾಯಿತು. ನನಗೇ ಎರಡನೇ ತಿರುವಿನಲ್ಲಿ ಯಾವ ಬೀದಿಯಲ್ಲಿದ್ದೇನೆಂದು ತಿಳಿಯದಾಯಿತು. ಯಾರನ್ನಾದರೂ ಕೂಗಬೇಕೆಂದರೆ ಬಾಯಿ ಬರಲಿಲ್ಲ. ಕೂಗಿದರೆ ಎಲ್ಲವನ್ನೂ ಹೇಳಬೇಕಲ್ಲ. ಕಾಲುವೆಯ ದಂಡೆಗೆ ಹೋಗಿ ನೋಡಿದೆ. ನೀರು ಬಿಟ್ಟಿದ್ದರು, ಕೆಂಪಗೆ, ರಭಸವಾಗಿ ಹರಿಯುತ್ತಿತ್ತು. ಆ ನೀರನ್ನು ನೋಡುತ್ತ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ವಾಪಸ್ಸು ಬರುವಾಗ ಹಿಂದಿನ ಸಾಲಿನಿಂದ ರಾರಾವಿಯ ಹೆಂಗಸು ಕೈಬೀಸಿ ಕರೆದರು. ಅವರ ಮನೆಯ ಪಡಸಾಲೆಯಲ್ಲಿ ನನ್ನ ಗಂಡ ಕುಳಿತಿದ್ದರು, ಕೈಯಲ್ಲಿ ಚಹಾದ ಬಸಿ.

"ಬರ್ರಿ ಟೀಚರಮ್ಮ. ಮಾಸ್ಟ್ರು ಆಗ್ಲೇ ಎರಡು ಸಲ ಚಾ ಕುಡಿದ್ರು. ಚಪ್ಲಿ ಬಿಟ್ಟು ಸೀದಾ ಒಳಗ ಬಂದು, ಚಾ ಆತೇನು ಅಂದ್ರು. ಹೂಂ ಅಂತ ಕೊಟ್ಟೆ."

ನಾನು ಏನೋ ಹೇಳಲು ಹೊರಟೆ. ಅವರು ಬಿಡಲಿಲ್ಲ.

"ಗೊತ್ತಾತು ಬಿಡ್ರಿ. ನಮ್ಮತ್ತಿಗೂ ಹಿಂಗ ಆಗಿತ್ತು. ಆರು ವರ್ಷ ನೋಡ್ಕೊಂಡೀನಿ. ಯಾಕ ಮುಚ್ಚಿಟ್ರಿ? ನಮಗ ತಿಳಿದಿದ್ರ ನಾವೂ ಒಂದು ಕಣ್ಣು ಇಡ್ತಿದ್ವಿ."

ಗಂಡನನ್ನು ಎಬ್ಬಿಸಿಕೊಂಡು ನಮ್ಮ ಮನೆಗೆ ಕರೆತಂದೆ. ಗೇಟಿನ ಹತ್ತಿರ ನಿಂತು ಅವರು, "ಇದು ಯಾರ ಮನಿ?" ಎಂದರು.

"ನಮ್ಮದ್ರೀ."

"ಅಲ್ಲ. ನಮ್ಮ ಮನಿ ಮುಂದ ವೆಲ್ಡಿಂಗ್ ಸದ್ದು ಇರ್ತದಲ್ಲ."

ಅಡುಗೆಮನೆಗೆ ಹೋಗಿ ಕುಳಿತುಬಿಟ್ಟೆ. ವೆಲ್ಡಿಂಗ್ ಅಂಗಡಿಯ ಕಿರುಚಾಟ, ಎರಡು ಮಸೀದಿಗಳ ಅಜಾನು, ಆಟೋಗಳ ಹಾರನ್ನು, ಯಾವುದನ್ನು ಗದ್ದಲವೆಂದು ನಾನು ತಪ್ಪಿಸಲು ಹೋದೆನೋ ಅದನ್ನು ಕೇಳಿಯೇ ಅವರು ತಾವು ಎಲ್ಲಿದ್ದೇವೆಂದು ತಿಳಿಯುತ್ತಿದ್ದರು. ಅದು ಅವತ್ತು ನನಗೆ ಅರ್ಥವಾಯಿತು.

ಮರುವಾರ ಅವರನ್ನು ರಾರಾವಿಯ ಅಕ್ಕನ ಹತ್ತಿರ ಬಿಟ್ಟು ಬಳ್ಳಾರಿಗೆ ಹೋದೆ. ಹಳೆಯ ಮನೆ ಮತ್ತೆ ಸಿಗಬಹುದೇ ಎಂದು ಕೇಳಲು. ಮನೆಯ ಮುಂದಿನ ಗೋಡೆ ಇರಲಿಲ್ಲ. ಅದರ ಜಾಗದಲ್ಲಿ ಕಬ್ಬಿಣದ ಶಟರ್, ಒಳಗೆ ಪೈಪುಗಳ ರಾಶಿ. ನಮ್ಮ ಮಲಗುವ ಕೋಣೆ ಇದ್ದಲ್ಲಿ ಸಿಮೆಂಟ್ ಮೂಟೆಗಳು. ಮಾಲೀಕರು, "ನೀವು ಇನ್ನ ಬರಲ್ಲ ಅಂದ್ರಿ, ಗೋದಾಮಿಗೆ ಕೊಟ್ಟೆನಮ್ಮ" ಎಂದರು. ಅವರದೇನೂ ತಪ್ಪಿರಲಿಲ್ಲ. ಬೇಕರಿಯವನು ನನ್ನನ್ನು ಕಂಡು, "ಮಾಸ್ಟ್ರು ಹೆಂಗದಾರ?" ಎಂದ. ಆರಾಮ ಅದಾರ ಎಂದು ಹೇಳಿ, ಒಂದು ಪೊಟ್ಟಣ ಖಾರಾ ಬಿಸ್ಕತ್ತು ತೆಗೆದುಕೊಂಡು ಬಸ್ಸು ಹತ್ತಿದೆ.

ಆಮೇಲೆ ನಾನು ಎಲ್ಲರಿಗೂ ಹೇಳಿದೆ. ಮನೆಮನೆಗೆ ಹೋಗಿ ಹೇಳಿದೆ. ಡ್ರೈವರಣ್ಣ ಬೆಳಗಿನ ನಡಿಗೆಗೆ ಅವರನ್ನು ಕರೆದೊಯ್ಯಲು ಶುರುಮಾಡಿದರು. ಮನೆಯ ಗುರುತಿಗೆ ಏನಾದರೂ ಕಟ್ಟಿರಿ ಎಂದವರು ರಾರಾವಿಯ ಅಕ್ಕ. ಟ್ರಂಕಿನಲ್ಲಿ ಒಂದು ತುಂಡು ಜೀನ್ಸ್ ಬಟ್ಟೆ ಇತ್ತು, ಅದನ್ನು ಮುಂಬಾಗಿಲಿಗೆ ಪರದೆಯಾಗಿ ಹಾಕಿದೆ. ನನ್ನ ಗಂಡ ಬಾಗಿಲಿಗೆ ಬಂದು ಅದರ ಅಂಚನ್ನು ಎರಡು ಬೆರಳಿನಲ್ಲಿ ಉಜ್ಜಿ ನೋಡಿ, "ಇದು ನಮ್ಮ ಮಾಲು" ಎಂದು ಒಳಗೆ ಬರುತ್ತಿದ್ದರು. ಐದಾರು ತಿಂಗಳು ಹಾಗೆ ನಡೆಯಿತು. ಆಮೇಲೆ ಪರದೆಯೂ ಅವರಿಗೆ ಗುರುತಾಗದೆ ಹೋಯಿತು.

ಒಮ್ಮೆ ಡ್ರೈವರಣ್ಣ ತಮ್ಮ ಪ್ಯಾಂಟಿನ ಬಟ್ಟೆ ತಂದು, "ಮಾಸ್ಟ್ರ, ಕತ್ತರಿಸಿ ಕೊಡ್ತೀರೇನು?" ಎಂದರು. ಕೈ ಮರೆತಿರುವುದಿಲ್ಲ ಎಂದು ನನಗೂ ನಂಬಿಕೆ. ಇವರು ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಅಂಗೈಯಿಂದ ಸುಕ್ಕು ತೆಗೆದರು. ಆ ರೀತಿ ನೋಡಿ ನನ್ನ ಎದೆ ಹಗುರವಾಯಿತು. ಕತ್ತರಿ ಹಿಡಿದು ನಡುವೆ ಉದ್ದಕ್ಕೆ ಸೀಳಿದರು. ಮತ್ತೆ ಅಡ್ಡ, ಮತ್ತೆ ಉದ್ದ. ನಾಲ್ಕು ತುಂಡಾದ ಮೇಲೆ ನಿಲ್ಲಿಸಿ ನಮ್ಮ ಮುಖ ನೋಡಿದರು. ಏನೋ ತಪ್ಪಾಗಿದೆಯೆಂದು ಅವರಿಗೆ ತಿಳಿದಿತ್ತು, ಏನೆಂದು ತಿಳಿದಿರಲಿಲ್ಲ. ಡ್ರೈವರಣ್ಣ ತುಂಡುಗಳನ್ನು ಮಡಿಚಿಕೊಂಡು, "ದಿಂಬಿನ ಚೀಲಕ್ಕ ಅಳತಿ ಸರಿ ಅದಾವ್ರಿ" ಎಂದು ಹೋದರು. ಕತ್ತರಿಯನ್ನು ನಾನು ಮತ್ತೆ ಹೊರಗೆ ತೆಗೆಯಲಿಲ್ಲ.

ನಿಧಾನವಾಗಿ ಅವರ ಕನ್ನಡ ಕಡಿಮೆಯಾಯಿತು. ನನ್ನೊಡನೆ ಒಂದೆರಡು ಮಾತಷ್ಟೇ. ಆದರೆ ರಾರಾವಿಯ ಅಕ್ಕನಿಗೆ ಮಾತಿನ ನಡುವೆ ತೆಲುಗು ಬರುತ್ತಿತ್ತು. ಅವರ ತವರು ಆಂಧ್ರದ ಗಡಿಯಾಚೆ. ಒಂದು ದಿನ ಅವರು, "ರಾ ಅನ್ನಾ, ಕೂರ್ಚೋ" ಎಂದು ಕುರ್ಚಿ ತೋರಿಸಿದರೆ ಇವರು ತಡೆಯಿಲ್ಲದೆ ತೆಲುಗಿನಲ್ಲೇ ಉತ್ತರ ಕೊಟ್ಟರು. ಕಾರ್ಖಾನೆಯಲ್ಲಿ ಆದೋನಿ, ಗುಂತಕಲ್ಲಿನ ವ್ಯಾಪಾರಿಗಳೊಡನೆ ಆಡಿ ಆಡಿ ಕಲಿತ ತೆಲುಗು ಅದು. ಅಂದಿನಿಂದ ಮಧ್ಯಾಹ್ನಗಳಲ್ಲಿ ಅವರಿಬ್ಬರೂ ನಮ್ಮ ಪಡಸಾಲೆಯಲ್ಲಿ ಕುಳಿತು ಮಾತನಾಡುತ್ತಿದ್ದರು. ನನ್ನ ಗಂಡ ನಗುವುದೂ ಕೇಳಿಸುತ್ತಿತ್ತು. ನನಗೆ ತೆಲುಗು ಅಲ್ಪಸ್ವಲ್ಪ ತಿಳಿದರೂ ಅವರು ಆಡುವ ವೇಗಕ್ಕೆ ಹಿಡಿಯಲಾಗುತ್ತಿರಲಿಲ್ಲ. ಒಳಗೆ ಪಾತ್ರೆ ತೊಳೆಯುತ್ತ ನಾನು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಜೀವಮಾನವೆಲ್ಲ ಕನ್ನಡ ಕಲಿಸಿದ ನನಗೆ ನನ್ನ ಗಂಡನ ಜೊತೆ ಆಡಲು ಭಾಷೆ ಉಳಿದಿರಲಿಲ್ಲ.

ಸಂಜೆಯಾದರೆ ಮನೆಗೆ ಹೋಗೋಣ ಎಂದು ಹಟ ಮಾಡುತ್ತಿದ್ದರು. ಇದೇ ಮನೆಯೆಂದು ನಾನು ವಾದಿಸಿದಷ್ಟೂ ಅವರ ಗಾಬರಿ ಹೆಚ್ಚುತ್ತಿತ್ತು. ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ಅಲ್ಲ ಅನಬ್ಯಾಡ್ರಿ. ಹೋಗೂಣು, ಒಂದು ತುತ್ತು ಉಂಡು ಹೋಗೂಣು ಅನ್ರಿ" ಎಂದರು. ಹಾಗೆ ಹೇಳುವುದನ್ನು ಕಲಿತೆ. ಉಂಡು ಮಲಗುತ್ತಿದ್ದರು.

ಎರಡನೆಯ ವರ್ಷದ ಚಳಿಗಾಲದಲ್ಲಿ ಜ್ವರ ಬಂತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಎಂಟು ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಮೂರನೆಯ ದಿನ ಮಧ್ಯಾಹ್ನ, ಮಗಳು ಚಮಚದಲ್ಲಿ ನೀರು ಹಾಕುತ್ತಿದ್ದಾಗ ಉಸಿರು ನಿಂತಿತು. ಕೌಲ್ ಬಜಾರಿನಿಂದ ಅವರ ಅಣ್ಣ, ಹಳೆಯ ಕೆಲಸಗಾರರು ಎರಡು ವ್ಯಾನುಗಳಲ್ಲಿ ಬಂದರು. ಅವರ ಅಣ್ಣ ನನ್ನ ಮುಂದೆ ನಿಂತು, "ನಮ್ಮಪ್ಪಾರ ಪಕ್ಕದಾಗ ಜಾಗ ಐತಿ. ಏನಂತೀಯವ್ವ?" ಎಂದು ಕೇಳಿದರು.

"ಕರ್ಕೊಂಡು ಹೋಗ್ರಿ" ಎಂದೆ.

ವ್ಯಾನು ಹೊರಡುವಾಗ ಡ್ರೈವರಣ್ಣ ಬಿಳಿ ಅಂಗಿ ಹಾಕಿಕೊಂಡು ಬಂದು, "ನಾನೂ ಬರಬೌದೇನ್ರಿ, ಮಣ್ಣು ಕೊಡಾಕ?" ಎಂದರು. ನನ್ನ ಗಂಡನ ಅಣ್ಣ ಅವರನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಖಬರಸ್ತಾನಕ್ಕೆ ಹೆಂಗಸರು ಹೋಗುವ ರೂಢಿ ನಮ್ಮಲ್ಲಿಲ್ಲ. ನಾನು ಬಾಗಿಲಲ್ಲಿ ನಿಂತೆ. ರಾರಾವಿಯ ಅಕ್ಕ ನನ್ನ ತೋಳು ಹಿಡಿದಿದ್ದರು.

ಗಂಡನನ್ನು ಕಳೆದುಕೊಂಡವಳು ನಾಲ್ಕು ತಿಂಗಳು ಹತ್ತು ದಿನ ತಾನಿರುವ ಮನೆ ಬಿಟ್ಟು ಹೊರಗೆ ಹೋಗಬಾರದು. ಅದಕ್ಕೆ ಇದ್ದತ್ ಎನ್ನುತ್ತೇವೆ. ಕೌಲ್ ಬಜಾರಿನಲ್ಲಿ ಆಗಿದ್ದರೆ ಮನೆ ತುಂಬ ಜನ ಇರುತ್ತಿದ್ದರು. ಇಲ್ಲಿ ಅಮ್ಮ ಒಬ್ಬಳೇ ಕೂರಬೇಕಲ್ಲ ಎಂದು ಮಗಳು ಅತ್ತಳು. ಕೆಲವು ವಾರ ಇದ್ದಳು, ಮಕ್ಕಳ ಶಾಲೆಯಿಂದಾಗಿ ಹೋಗಲೇಬೇಕಾಯಿತು. ಹಾಲು, ತರಕಾರಿ, ಮಾತ್ರೆ ಎಲ್ಲವನ್ನೂ ಅಕ್ಕಪಕ್ಕದವರು ತಂದಿಡುತ್ತಿದ್ದರು. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಿರುತ್ತಿದ್ದೆ. ಎರಡು ವರ್ಷ ಇದ್ದರೂ ಈ ಜಾಗವನ್ನು ನಾನು ನೋಡಿಯೇ ಇರಲಿಲ್ಲ. ಗುಡ್ಡದ ಬಂಡೆಗಳು ಬೆಳಿಗ್ಗೆ ಬೂದಿ ಬಣ್ಣ, ಸಂಜೆ ಇಟ್ಟಿಗೆಯ ಬಣ್ಣ. ಮೆಣಸಿನಕಾಯಿ ಬಿಡಿಸುವ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಮಾತನಾಡುತ್ತಾರೆ. ಇವೆಲ್ಲ ಆಗ ಕಂಡವು.

ರಾರಾವಿಯ ಅಕ್ಕ ದಿನವೂ ಬರುತ್ತಿದ್ದರು. ಒಂದು ದಿನ ಕೇಳಿಯೇಬಿಟ್ಟೆ. "ಅಷ್ಟು ದಿನ ತೆಲುಗಿನಲ್ಲಿ ಏನು ಮಾತಾಡ್ತಿದ್ರಿ ಅಕ್ಕಾ?"

"ಹೆಚ್ಚಿಗಿ ನಿಮ್ಮ ಮಾತೇ. ನಮ್ಮಾಕಿ ಟೀಚರು, ಸಿರುಗುಪ್ಪಕ್ಕ ಹೋಗ್ಯಾಳ, ಸಂಜಿ ಬಸ್ಸಿಗೆ ಬರ್ತಾಳ, ಆಕಿ ಬರೂದ್ರಾಗ ನಾ ಮನ್ಯಾಗ ಇರಬೇಕು ಅಂತಿದ್ರು. ದಿನಾ ಅದನ್ನೇ ಹೇಳ್ತಿದ್ರು. ನೀವು ಒಳಗ ಅದೀರಿ ಅಂದ್ರ ನಂಬ್ತಿರಲಿಲ್ಲ."

"ನನಗ್ಯಾಕ ಹೇಳಲಿಲ್ಲ?"

"ನಿಮಗ ನೋವಾಗ್ತದಂತ ಹೇಳಲಿಲ್ಲ ತಾಯಿ."

ಅವತ್ತು ನಾನು ತುಂಬ ಅತ್ತೆ. ನನ್ನ ಗಂಡ ಹೋದ ದಿನವೂ ಅಷ್ಟು ಅತ್ತಿರಲಿಲ್ಲ.

ಇದ್ದತ್ ಮುಗಿದ ದಿನ ಮಗಳು ಕಾರು ಮಾಡಿಕೊಂಡು ಬಂದಳು. ನನ್ನ ಬಟ್ಟೆಗಳನ್ನು ಅವಳೇ ಚೀಲಕ್ಕೆ ತುಂಬಿದಳು. "ಇನ್ನ ನಮ್ಮ ಜೋಡಿ ಇರು ಅಮ್ಮಾ. ಇಲ್ಲಿ ನಿನಗ್ಯಾರದಾರ?"

ಅವಳ ಜೊತೆ ಸಿರುಗುಪ್ಪಕ್ಕೆ ಹೋದೆ. ಮೊಮ್ಮಕ್ಕಳ ಜೊತೆ ಹದಿನೈದು ದಿನ ಇದ್ದೆ. ಅಳಿಯ ಬಹಳ ಮರ್ಯಾದೆಯಿಂದ ನೋಡಿಕೊಂಡ. ಹದಿನಾರನೆಯ ದಿನ ಮಗಳಿಗೆ, "ನಾ ಹೋಗಿ ಬರ್ತೀನಿ" ಎಂದೆ. ಅವಳು ನನ್ನ ಮುಖ ನೋಡಿ, ಒತ್ತಾಯ ಮಾಡದೆ ಬಸ್ ನಿಲ್ದಾಣದವರೆಗೆ ಬಂದಳು.

ಕುರುಗೋಡಿನಲ್ಲಿ ಇಳಿದು ಆಟೋ ಹಿಡಿದು ಬಂದಾಗ ಬಿಸಿಲು ಇಳಿಯುತ್ತಿತ್ತು. ಡ್ರೈವರಣ್ಣ ಗೇಟಿನ ಹತ್ತಿರ ಬಂದು, "ಎರಡು ದಿನ ನೀರು ಬಂದಿಲ್ರಿ. ನಿಮ್ಮ ಹಿತ್ತಲ ಡ್ರಮ್ಮು ಮೊದಲ ತುಂಬಿಸಿಟ್ಟೀನಿ" ಎಂದರು. ಬೀಗ ತೆಗೆದೆ. ಹದಿನೈದು ದಿನದ ಧೂಳು ನೆಲದ ಮೇಲೆ ಕುಳಿತಿತ್ತು. ಕಿಟಕಿಗಳನ್ನು ತೆರೆದು ಕಸಬರಿಗೆ ಹಿಡಿದೆ.