ಅಪ್ಪಣೆರಾಯನ ಮೂರನೆಯ ಪರೀಕ್ಷೆ

ತುಕಡಿಯಲ್ಲಿ ಎಲ್ಲರೂ ಅವನನ್ನು ಅಪ್ಪಣೆರಾಯ ಎಂದು ಎದುರಿಗೇ ಕರೆಯುತ್ತಿದ್ದರು. ಇದಕ್ಕೆ ಬೇಜಾರು ಮಾಡಿಕೊಳ್ಳಬೇಕೋ ಬೇಡವೋ ಎಂದು ಅವನು ನಾಲ್ಕು ಜನರನ್ನು ಕೇಳಿ ತಿಳಿದುಕೊಳ್ಳುವಷ್ಟರಲ್ಲಿ ಹೆಸರು ಅಂಟಿಕೊಂಡುಬಿಟ್ಟಿತ್ತು.

ಸೈನ್ಯದ ಹೆಲಿಕಾಪ್ಟರಿನಲ್ಲಿ ಒಂಬತ್ತು ವರ್ಷದಿಂದ ಎಡಗಡೆಯ ಸೀಟಿನಲ್ಲೇ ಕೂತು ಬಂದವನು. ಎಡಗಡೆ ಸಹಪೈಲಟ್, ಬಲಗಡೆ ಕ್ಯಾಪ್ಟನ್. ಬಲಕ್ಕೆ ಸರಿಯಬೇಕಾದರೆ ಇಷ್ಟು ಗಂಟೆ ಹಾರಿರಬೇಕು ಎಂಬ ಲೆಕ್ಕವಿದೆ. ಅವನು ಅದರ ಎರಡರಷ್ಟು ಹಾರಿದ್ದ. ಬರವಣಿಗೆಯ ಪರೀಕ್ಷೆಯಲ್ಲಿ ನೂರಕ್ಕೆ ನೂರು. ಹಾರಾಟದ ನಿಯಮಗಳನ್ನಂತೂ ಅರೆದು ಕುಡಿದಿದ್ದ. ಮೋಡದೊಳಗೆ ನುಗ್ಗಬಾರದು, ನೆಲ ಕಣ್ಣಿಗೆ ಕಾಣುತ್ತಲೇ ಇರಬೇಕು, ಮುಂದೆ ಇಂತಿಷ್ಟು ದೂರ ಕಾಣದಿದ್ದರೆ ತಿರುಗಬೇಕು, ತಿರುಗಲಾಗದಿದ್ದರೆ ಇಳಿಯಬೇಕು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಪುಟಸಂಖ್ಯೆ ಸಮೇತ ಒಪ್ಪಿಸುತ್ತಿದ್ದ. ಅವನ ಕಷ್ಟವೆಲ್ಲ ಒಂದೇ ಮಾತಿನಲ್ಲಿತ್ತು: "ಸಾರ್, ಏನ್ ಮಾಡೋಣ?"

ಕ್ಯಾಪ್ಟನ್ ಆಗುವ ಮೊದಲ ಪರೀಕ್ಷೆಯಲ್ಲಿ ಪರೀಕ್ಷಕರು ಎಂಜಿನ್ ನಿಂತಿತು ಅಂದುಕೋ, ಇಳಿಸು ಎಂದರು. ಕೆಳಗೆ ಎರಡು ಬಯಲು. "ಸಾರ್, ಈ ಬಯಲೋ ಆ ಬಯಲೋ?" ಎಂದ. ಎಂಜಿನ್ ನಿಂತ ಹೆಲಿಕಾಪ್ಟರು ಸಭೆ ಸೇರುವ ತನಕ ಆಕಾಶದಲ್ಲಿ ಕಾಯುವುದಿಲ್ಲ. ಎರಡನೆಯ ಪರೀಕ್ಷೆಯಲ್ಲಿ ಇಂಧನ ಹಿಂದಿರುಗಬೇಕಾದ ಮಟ್ಟಕ್ಕೆ ಬಂದಿತ್ತು. ಮುಳ್ಳು ನೋಡಿದ, ಗಡಿಯಾರ ನೋಡಿದ, ಆಮೇಲೆ ಪರೀಕ್ಷಕರ ಮುಖ ನೋಡಿದ. ಅಲ್ಲಿಗೆ ಅದೂ ಮುಗಿಯಿತು.

ಮೂರನೆಯದೇ ಕೊನೆಯದು. ಅದೂ ಹೋದರೆ ಹಾರಾಟವೇ ಇಲ್ಲ. ಯೋಜನಾ ಕೊಠಡಿಯಲ್ಲಿ ಕೂತು, ಬೇರೆಯವರು ಹಾರುವ ದಾರಿಗೆ ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆಯಬೇಕು. ಆ ಕೊಠಡಿಯ ಮುಂದೆ ಹಾದುಹೋಗುವಾಗಲೆಲ್ಲ ಅವನಿಗೆ ಅಳು ಬಂದಂತಾಗುತ್ತಿತ್ತು.

ಹೆಂಡತಿ ದಂತವೈದ್ಯೆ. ಗಂಡನ ಪಾಡು ನೋಡಲಾರದೆ ಒಂದು ದಿನ ರೇಗಿದಳು. "ಅಲ್ರೀ, ನಾನು ಹಲ್ಲು ಕೀಳುವಾಗ ಪೇಶೆಂಟನ್ನ ಕೇಳ್ತಾ ಕೂರ್ತೀನಾ?"

"ಯಾವ ಹಲ್ಲು ನೋಯ್ತಿದೆ ಅಂತ ಕೇಳ್ತೀಯಲ್ಲ."

"ಕೇಳ್ತೀನಿ. ಆಮೇಲೆ ಕೀಳೋದು ನಾನೇ ತಾನೆ?"

ಅಂದಿನಿಂದ ಮನೆಯಲ್ಲೇ ತರಬೇತಿ ಶುರುವಾಯಿತು. ಫೋನು ಕಿತ್ತಿಟ್ಟುಕೊಂಡು, ಹಾಲ್‌ನ ಕಿಟಕಿಗೆ ಪರದೆ ತರಲು ಒಬ್ಬನನ್ನೇ ಕಳಿಸಿದಳು. ಅಂಗಡಿಯಲ್ಲಿ ಎರಡು ಗಂಟೆ ಮೀನಮೇಷ ಎಣಿಸಿ ಅವನು ತಂದದ್ದು ಸಾಸಿವೆ ಬಣ್ಣದ ಮೇಲೆ ನೇರಳೆ ಚುಕ್ಕೆಯ ಬಟ್ಟೆ. ಅವನ ತಾಯಿ ಅದನ್ನು ಮುಟ್ಟಿ ನೋಡಿ, "ಯಾರಾದ್ರೂ ಪುಕ್ಕಟೆ ಕೊಟ್ರೇನಪ್ಪಾ?" ಎಂದರು. ಹೆಂಡತಿ ಮಾತ್ರ ತುಟಿಪಿಟಿಕ್ಕೆನ್ನದೆ ಅದನ್ನು ತೂಗುಹಾಕಿದಳು. ಪ್ರೀತಿ ಅಂದರೆ ಅದೇ ಇರಬೇಕು.

ಪರೀಕ್ಷೆಯ ದಿನ ಬಂತು. ಪರೀಕ್ಷಕರು ದೊಡ್ಡ ಮೀಸೆಯವರು. ಆ ಮೀಸೆ ನೋಡಿದರೆ ಯಾರಿಗಾದರೂ ಅಪ್ಪಣೆ ಕೇಳಬೇಕೆನಿಸುತ್ತಿತ್ತು. ಅವರು ಎಡಗಡೆ ಕೂತರು, ಇವನು ಬಲಗಡೆ. ಗುಡ್ಡಗಳ ನಡುವಿನ ಕಣಿವೆ ದಾಟಿ ಆಚೆಯ ಠಾಣೆಗೆ ಹೋಗಿ ಬರಬೇಕು. ಕಣಿವೆಯ ಬಾಯಿಗೆ ಬರುವಷ್ಟರಲ್ಲಿ ಮೋಡ ಕೆಳಗಿಳಿದಿತ್ತು. ಆಚೆ ಗುಡ್ಡದ ತುದಿ ಮಾಯವಾಯಿತು, ಆಮೇಲೆ ನಡುವೂ ಮಾಯವಾಯಿತು.

ಮೀಸೆಯವರು ತಮ್ಮಷ್ಟಕ್ಕೆ ತಾವು ಹೇಳಿಕೊಂಡಂತೆ, "ಹೋದ ವಾರ ನಾನು ಇದಕ್ಕಿಂತ ಕೆಟ್ಟ ಹವೆಯಲ್ಲಿ ದಾಟಿದ್ದೆ" ಎಂದರು. ಸುಳ್ಳೋ ನಿಜವೋ ದೇವರೇ ಬಲ್ಲ.

ಅವನ ನಾಲಿಗೆಯ ತುದಿಗೆ "ಸಾರ್, ಏನ್" ತನಕ ಬಂದೇಬಿಟ್ಟಿತ್ತು. ಉಗುಳಿನ ಜೊತೆ ಅದನ್ನೂ ನುಂಗಿದ. "ನನಗೆ ಕಾಣ್ತಿಲ್ಲ. ತಿರುಗಿಸ್ತಿದ್ದೀನಿ" ಎಂದ. ತನ್ನ ದನಿಯೇ ತನಗೆ ಗುರುತು ಸಿಗಲಿಲ್ಲ. ತಿರುಗಿಸಿದರೆ ಹಿಂದಿನ ದಾರಿಯಲ್ಲೂ ಮಂಜು ಕವಿದಿತ್ತು. ಕೆಳಗೆ ಒಂದು ಶಾಲೆ, ಅದರ ಪಕ್ಕ ಖಾಲಿ ಮೈದಾನ. ಸುತ್ತ ತಂತಿ, ಕಂಬ ಇಲ್ಲವೆಂದು ಒಂದು ಸುತ್ತು ಹಾಕಿ ಖಚಿತಪಡಿಸಿಕೊಂಡ, ರೇಡಿಯೋದಲ್ಲಿ ನೆಲೆಗೆ ತಿಳಿಸಿದ, ಇಳಿಸಿದ.

ರೆಕ್ಕೆ ನಿಂತದ್ದೇ ತಡ, ಪಿ.ಟಿ. ಮೇಷ್ಟ್ರು ಕೊರಳಲ್ಲಿ ಸೀಟಿ ಕುಣಿಸುತ್ತ ಓಡಿಬಂದರು. ಮಾರನೆಯ ದಿನದ ಓಟದ ಪಂದ್ಯಕ್ಕೆಂದು ಬೆಳಗಿನಿಂದ ಬಗ್ಗಿ ಎಳೆದ ಸುಣ್ಣದ ಗೆರೆಗಳೆಲ್ಲ ಗಾಳಿಗೆ ಹಾರಿ, ಅರ್ಧ ಅವರ ತಲೆಯ ಮೇಲೇ ಕೂತಿತ್ತು.

"ಯಾರ್ರೀ ಇಲ್ಲಿ ಯಜಮಾನ್ರು?" ಎಂದು ಗುಡುಗಿದರು.

ಅವನ ಕತ್ತು ಒಂಬತ್ತು ವರ್ಷದ ರೂಢಿಯಂತೆ ತಾನಾಗಿ ಪಕ್ಕದ ಸೀಟಿನತ್ತ ಹೊರಳಿತು. ಮೇಷ್ಟ್ರೂ ಮೀಸೆ ನೋಡಿ ಆ ಕಡೆಗೇ ನುಗ್ಗಿದರು. ಮೀಸೆಯವರು ಮಾತ್ರ ತಮ್ಮ ಬೂಟಿನ ತುದಿಯಲ್ಲಿ ಏನೋ ಅಪರೂಪದ್ದು ಕಂಡವರಂತೆ ತಲೆ ತಗ್ಗಿಸಿ ಕೂತಿದ್ದರು.

ಅವನೇ ಕೆಳಗಿಳಿದು ಮೇಷ್ಟ್ರ ಮುಂದೆ ಹೋಗಿ ನಿಂತ.

"ನಾನು ಸಾರ್. ಇಳಿಸಿದ್ದು ನಾನೇ. ಅವರನ್ನ ಏನೂ ಅನ್ನಬೇಡಿ."

ಮೇಷ್ಟ್ರು ಪೂರಾ ಕಾಲು ಗಂಟೆ ಅವನಿಗೆ ಮಂಗಳಾರತಿ ಎತ್ತಿದರು. ಅವನು ಬೈಸಿಕೊಂಡ. ಬೈಸಿಕೊಳ್ಳುತ್ತ ಬೈಸಿಕೊಳ್ಳುತ್ತ ಒಳಗೊಳಗೇ ಖುಷಿಯಾಗತೊಡಗಿತು. ಇಷ್ಟು ವರ್ಷದಲ್ಲಿ ಬೈಗುಳ ನೇರವಾಗಿ ಅವನ ಪಾಲಿಗೇ ಬಂದದ್ದು ಇದೇ ಮೊದಲು. ಬೈದು ಸುಸ್ತಾದ ಮೇಷ್ಟ್ರು ಎರಡು ಲೋಟ ನೀರು ತರಿಸಿಕೊಟ್ಟರು. ಕಾಯುವ ಹೊತ್ತಿನಲ್ಲಿ ಅವನು ಮೇಷ್ಟ್ರ ಜೊತೆ ಹಗ್ಗ ಹಿಡಿದು ಮತ್ತೆ ಗೆರೆ ಎಳೆದ.

ಒಂದು ಗಂಟೆಯ ಮೇಲೆ ಮೋಡ ಸ್ವಲ್ಪ ಮೇಲೆದ್ದಿತು. ಮೀಸೆಯವರು ಹತ್ತಿರ ಬಂದು ಗುಡ್ಡದ ಕಡೆ ನೋಡಿದರು, ಆಮೇಲೆ ಅವನ ಮುಖ ನೋಡಿದರು.

"ಕ್ಯಾಪ್ಟನ್, ಏನ್ ಮಾಡೋಣ?"

ಕ್ಯಾಪ್ಟನ್ ಯಾರೆಂದು ಅವನು ಹಿಂದೆ ತಿರುಗಿ ನೋಡಿದ. ಹಿಂದೆ ಮೇಷ್ಟ್ರು ಸುಣ್ಣದ ಬಕೆಟ್ ಹಿಡಿದು ನಿಂತಿದ್ದರು, ಅಷ್ಟೇ. ಅವನ ಕಣ್ಣು ತುಂಬಿಬಂತು.

"ಗುಡ್ಡದ ಬುಡ ಪೂರ್ತಿ ಕಾಣ್ಲಿ ಸಾರ್. ಇನ್ನೊಂದು ಹತ್ತು ನಿಮಿಷ" ಎಂದ. ಮೀಸೆಯವರು ಹೋಗಿ ಎಡಗಡೆ ಕೂತರು.

ಸಂಜೆ ಅವನು ಪಾಸಾದ ಸುದ್ದಿ ಕೇಳಿ ಹೆಂಡತಿ ಅತ್ತಳು, ನಕ್ಕಳು, ಕೊನೆಗೆ ಕಣ್ಣೊರೆಸಿಕೊಂಡು ಕಿಟಕಿಯ ಹತ್ತಿರ ಸ್ಟೂಲು ಎಳೆದಳು.

"ಇನ್ನಾದ್ರೂ ಈ ಪರದೆ ಇಳಿಸಲಾ?"

"ಬೇಡ, ಇರ್ಲಿ. ನನಗೆ ಇಷ್ಟ" ಎಂದ ಅವನು, ಯಾರ ಮುಖವನ್ನೂ ನೋಡದೆ.

ಅವಳು ಸ್ಟೂಲಿನ ಮೇಲಿಟ್ಟಿದ್ದ ಕಾಲು ಇಳಿಸಿ, ಸ್ಟೂಲನ್ನು ಮತ್ತೆ ಮೂಲೆಗೆ ತಳ್ಳಿದಳು. ಯಾರನ್ನೂ ಕೇಳದೆ ತೀರ್ಮಾನಿಸು ಎಂದು ಕಲಿಸಿದವಳು ತಾನೇ ಅಲ್ಲವೇ!