ಅಕ್ಕ ಕೊಟ್ಟ ರಕ್ತ

ನನ್ನ ಕೆಲಸವನ್ನು ಊರಿನವರಿಗೆ ವಿವರಿಸುವುದು ಕಷ್ಟ. ಅಮ್ಮ "ರಕ್ತ ಪರೀಕ್ಷೆ ಮಾಡ್ತಾಳೆ" ಎಂದು ಹೇಳಿ ಮುಗಿಸಿಬಿಡುತ್ತಿದ್ದಳು. ನಾನೂ ತಿದ್ದಲು ಹೋಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಪಾಂಡವಪುರ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮೈಸೂರಿಗೆ ಹೋಗುತ್ತಿದ್ದೆ. ಅಲ್ಲೊಂದು ಪ್ರಯೋಗಾಲಯದಲ್ಲಿ ರೋಗಿಗಳ ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸುವುದು ನನ್ನ ಕೆಲಸ. ದೇಹವನ್ನು ಕಾಯಬೇಕಾದ ಈ ಕಣಗಳು ಕೆಲವರಲ್ಲಿ ದೇಹದ ಮೇಲೆಯೇ ತಿರುಗಿಬೀಳುತ್ತವೆ. ಕೀಲು, ಚರ್ಮ, ಶ್ವಾಸಕೋಶ ಯಾವುದನ್ನೂ ಬಿಡುವುದಿಲ್ಲ. ಅವುಗಳನ್ನು ಹತೋಟಿಯಲ್ಲಿಡಬೇಕಾದ ಇನ್ನೊಂದು ಬಗೆಯ ಕಣಗಳು ಆಗ ಏನು ಮಾಡುತ್ತಿರುತ್ತವೆ ಎಂಬುದು ನಮ್ಮ ಅಧ್ಯಯನ. ಹಾಗೆ ತೆಗೆದ ರಕ್ತದ ಯಾವ ವರದಿಯೂ ರೋಗಿಯ ಕೈಗೆ ಹೋಗುವುದಿಲ್ಲ. ಅವರು ನುಂಗುವ ಮಾತ್ರೆಯೂ ಅದರಿಂದ ಬದಲಾಗುವುದಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳನ್ನು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಗೋವಿಂದನಹಳ್ಳಿ ದಾಟಿ ಹೋದರೆ ಸಿಗುವ ಒಂದು ಹಳ್ಳಿಗೆ ಕೊಟ್ಟಿದ್ದರು. ಮನೆಯಲ್ಲಿ ನಾಲ್ಕು ಸೀಮೆಹಸು. ಭಾವ ಗದ್ದೆ ನೋಡಿಕೊಂಡರೆ, ಎರಡು ಹೊತ್ತೂ ಹಾಲು ಕರೆದು ಡೈರಿಗೆ ಹಾಕುವವಳು ಅಕ್ಕ. ಒಂದು ಚಳಿಗಾಲದಲ್ಲಿ ಕೆಚ್ಚಲು ತೊಳೆಯಲು ತಣ್ಣೀರಿಗೆ ಕೈಯಿಟ್ಟಾಗ ಅವಳ ಬೆರಳುಗಳು ಸುಣ್ಣ ಬಳಿದಂತೆ ಬೆಳ್ಳಗಾದವಂತೆ. ಸ್ವಲ್ಪ ಹೊತ್ತಿಗೆ ನೀಲಿಯಾಗಿ, ಆಮೇಲೆ ಕೆಂಪಾಗಿ ಉರಿಯತೊಡಗಿದವಂತೆ. ಫೋನಿನಲ್ಲಿ ಅವಳು ಹೇಳಿದ್ದು ಇಷ್ಟೇ: "ಕೈ ಒಸಿ ಊದ್ಕಂಡದೆ ಕಣೆ. ಚಳಿಗೆ." ನಾನೂ ಚಳಿಗೇ ಇರಬೇಕು ಅಂದುಕೊಂಡೆ. ಇಂಥ ಕಾಯಿಲೆಯವರ ರಕ್ತವನ್ನು ದಿನಾ ಮುಟ್ಟುವವಳಾದ ನನಗೆ ಅಕ್ಕನ ಮಾತಿನಲ್ಲಿ ಅದು ಹೊಳೆಯಲಿಲ್ಲ.

ನಾನು ಅವಳ ಮನೆಗೆ ಹೋದದ್ದು ಸುಮಾರು ಒಂದು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಭಾವ ಅವಳನ್ನು ಮೂಳೆ ಡಾಕ್ಟರಿಗೂ ಚರ್ಮದ ಡಾಕ್ಟರಿಗೂ ತೋರಿಸಿದ್ದರು. ನಾಗಮಂಗಲದ ಕಡೆಯ ನಾಟಿ ವೈದ್ಯರೊಬ್ಬರ ಎಣ್ಣೆಯನ್ನು ತಿಂಗಳುಗಟ್ಟಲೆ ತಿಕ್ಕಿಸಿದ್ದರು. ಬಾಗಿಲಲ್ಲಿ ನಿಂತ ಅಕ್ಕನನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಮುಖದ ಚರ್ಮ ಎಳೆದು ಕಟ್ಟಿದ ಹಾಗೆ ಬಿಗಿದಿತ್ತು, ಮೂಗು ಚೂಪಾಗಿತ್ತು, ಬಾಯಿ ಚಿಕ್ಕದಾಗಿತ್ತು. ಬೆರಳ ತುದಿಗಳಲ್ಲಿ ಹುಣ್ಣು. ನಗಲು ಹೋದಳು, ಮುಖ ಅದಕ್ಕೆ ಒಗ್ಗಲಿಲ್ಲ.

"ಯಾಕೆ ಅಂಗೆ ನೋಡ್ತೀಯ? ಬಾ, ಕೂತ್ಕೊ" ಎಂದಳು.

ಊಟಕ್ಕೆ ಕೂತಾಗ ಮುದ್ದೆಯನ್ನು ಕಡಲೆಕಾಯಿ ಗಾತ್ರಕ್ಕೆ ಮುರಿದು ಒಂದೊಂದೇ ನುಂಗುತ್ತಿದ್ದಳು. ರೇಷನ್ ಅಂಗಡಿಯ ಮಿಷಿನ್ನಿನಲ್ಲಿ ಅವಳ ಹೆಬ್ಬೆಟ್ಟು ಕೂರುವುದಿಲ್ಲ ಎಂದು ಭಾವ ಹೇಳಿದರು. "ಮೂರು ಸಲ ಒತ್ತುದ್ರೂ ಬರ್ನಿಲ್ಲ ಕಣವ್ವ. ಬೆರಳಲ್ಲಿ ಗೆರೇನೇ ಇಲ್ಲ ಅಂತಾನೆ ಅವ್ನು." ನಾನು ಅಕ್ಕನ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿದೆ. ಚರ್ಮ ಬಿಗಿದು ಗೆರೆಗಳೆಲ್ಲ ಮಾಸಿಹೋಗಿದ್ದವು.

ಮಾರನೆಯ ವಾರವೇ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದೆ. ನಮ್ಮ ಅಧ್ಯಯನ ನಡೆಸುತ್ತಿದ್ದ ಡಾಕ್ಟರನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಅವರೇ ಪರೀಕ್ಷೆ ಮಾಡಿ ಇದು ಚರ್ಮ ಗಟ್ಟಿಯಾಗುತ್ತ ಹೋಗುವ ಸ್ಕ್ಲಿರೋಡರ್ಮ ಎಂದು ಖಚಿತಪಡಿಸಿ ಮಾತ್ರೆ ಬರೆದುಕೊಟ್ಟರು. ಅಕ್ಕ ಹೊರಗೆ ಹೋದ ಮೇಲೆ ನನ್ನನ್ನು ಮಾತ್ರ ಕೂರಿಸಿಕೊಂಡು ಹೇಳಿದರು: "ಶ್ವಾಸಕೋಶವೂ ಗಟ್ಟಿಯಾಗ್ತಿದೆ. ನಿಧಾನ ಮಾಡೋದಕ್ಕೆ ನೋಡಬಹುದು, ಅಷ್ಟೆ. ನಿಮಗೆ ನಾನು ಬೇರೆ ಹೇಳಬೇಕಾಗಿಲ್ಲ."

ಆ ಕಾಯಿಲೆಯವರು ನಮ್ಮ ಅಧ್ಯಯನಕ್ಕೆ ಸಿಗುವುದು ಅಪರೂಪವಾಗಿತ್ತು. ಅಕ್ಕನನ್ನು ಸೇರಿಸಿಕೊಳ್ಳಬಹುದೇ ಎಂದು ಕೇಳಿದವಳು ನಾನೇ. ಏನಾದರೂ ಮಾಡಬೇಕು ಅನ್ನಿಸುತ್ತಿತ್ತು, ನನ್ನ ಕೈಲಿ ಆಗುತ್ತಿದ್ದದ್ದು ಇದೊಂದೇ. ಒಪ್ಪಿಗೆ ಪತ್ರವನ್ನು ಮನೆಯವರು ಓದಿ ಹೇಳುವುದು ಸರಿಯಲ್ಲ, ಬೇರೆಯವರನ್ನು ಕಳಿಸುತ್ತೇನೆ ಎಂದರು ಮೇಡಂ. ಹೊಸಬರು ಬಂದರೆ ಅಕ್ಕ ಮುದುಡಿಕೊಳ್ಳುತ್ತಾಳೆ ಎಂದು ನಾನೇ ಹಟ ಮಾಡಿ ಕೂತು ಓದಿದೆ. ಆ ಪತ್ರದ ಎರಡನೆಯ ಪುಟದಲ್ಲಿ, ಈ ಅಧ್ಯಯನದಿಂದ ನಿಮ್ಮ ಕಾಯಿಲೆಗೆ ನೇರ ಪ್ರಯೋಜನ ಇರುವುದಿಲ್ಲ ಎಂಬ ಸಾಲು ಇದೆ. ನಾನು ಅದನ್ನು ಬಿಡಲಿಲ್ಲ, ಓದಿದೆ. ಆದರೆ ಬಸ್ಸಿನ ಕಂಡಕ್ಟರು ಊರುಗಳ ಹೆಸರು ಹೇಳುವಷ್ಟು ಬೇಗ ಓದಿದೆ.

ಅಕ್ಕ ಕೇಳಿದಳು: "ಇದ್ರಿಂದ ನಂಗೆ ಗುಣ ಆಯ್ತದಾ?"

"ಮುಂದೆ ಅನುಕೂಲ ಆಗ್ಬೋದು ಅಕ್ಕ" ಎಂದೆ. ಮುಂದೆ ಎಂದರೆ ಯಾವಾಗ, ಯಾರಿಗೆ ಎಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ. "ನೀನೇ ಓದಿದ್ಮೇಲೆ ಇನ್ನೇನು" ಎನ್ನುತ್ತ ಎರಡು ಬೆರಳುಗಳ ಗಿಣ್ಣಿನ ನಡುವೆ ಪೆನ್ನು ಸಿಕ್ಕಿಸಿಕೊಂಡು ಹೆಸರು ಬರೆದಳು.

ಆರು ತಿಂಗಳಿಗೊಮ್ಮೆ, ಒಟ್ಟು ನಾಲ್ಕು ಸಲ ರಕ್ತ ಕೊಡಬೇಕಿತ್ತು. ಮೊದಲ ಸಲ ಅವಳ ಕಣಗಳು ಯಂತ್ರದ ಪರದೆಯ ಮೇಲೆ ಚುಕ್ಕಿಗಳಾಗಿ ಮೂಡಿದಾಗ ನಾನು ಎದ್ದು ಹೊರಗೆ ಹೋಗಿ ನೀರು ಕುಡಿದು ಬಂದೆ. ಟ್ಯೂಬಿನ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಆದರೆ ಆ ಸಂಖ್ಯೆ ಬರೆದವಳು ನಾನೇ. ಹತೋಟಿಯಲ್ಲಿಡಬೇಕಾದ ಕಣಗಳು ಅವಳಲ್ಲಿ ಕಡಿಮೆಯಿದ್ದವು. ಇದ್ದ ಕಣಗಳೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಇದನ್ನು ಕಣ್ಣಾರೆ ನೋಡಬಹುದಾಗಿತ್ತೇ ಹೊರತು, ಕೈಯಿಟ್ಟು ಸರಿಪಡಿಸುವ ದಾರಿ ನಮ್ಮ ಯಾರ ಬಳಿಯೂ ಇರಲಿಲ್ಲ.

ಅಕ್ಕನಿಗೆ ಮಾತ್ರ ರಕ್ತ ಕೊಡುವುದೇ ಔಷಧಿಯಾಗಿಬಿಟ್ಟಿತ್ತು. ಎರಡನೆಯ ಸಲ ಕೊಟ್ಟು ಹೋದವಳು ವಾರದಲ್ಲಿ ಫೋನು ಮಾಡಿ, "ರಕ್ತ ತೆಗೆದ್ಮೇಲೆ ಉಸ್ರು ಒಸಿ ಸಲೀಸಾಗದೆ ಕಣೆ" ಎಂದಳು. ಕೆಟ್ಟ ರಕ್ತ ಹೋಗಿ ಹೊಸದು ಬರುತ್ತದೆ ಎಂದು ಅವಳು ತಿಳಿದಿದ್ದಳು. ಭಾವ ಡೈರಿ ಮುಂದೆ ನಿಂತು, "ಅವ್ಳ ತಂಗೀನೇ ಅಲ್ಲಿ ಅವ್ಳೆ, ಕಂಡಿಡೀತಾರೆ ಬುಡಿ" ಎನ್ನುತ್ತಿದ್ದರಂತೆ. ಒಂದು ಮಾತು ಹೇಳಿ ತಿಳಿಸಬಹುದಿತ್ತು. ಪ್ರತಿ ಸಲವೂ ಬಾಯಿಗೆ ಬಂದದ್ದನ್ನು ಒಳಗೆ ತಳ್ಳಿದೆ. ಅವಳ ಬಳಿ ಇದ್ದದ್ದು ಅದೊಂದು ನಂಬಿಕೆ, ಅದನ್ನೂ ಕಿತ್ತುಕೊಂಡು ಏನು ಕೊಡಲಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನನಗೆ ಅವಳ ಮುಖ ನೋಡುವ ಧೈರ್ಯ ಇರಲಿಲ್ಲ.

ಮೂರನೆಯ ಸಲದ ಹೊತ್ತಿಗೆ ಹಸುಗಳಲ್ಲಿ ಎರಡನ್ನು ಮಾರಿಯಾಗಿತ್ತು. ನಾಲ್ಕನೆಯ ಸಲ ಬರುವಷ್ಟರಲ್ಲಿ ಅಕ್ಕ ನಡುಮನೆಯಿಂದ ಬಚ್ಚಲಿಗೆ ನಡೆದರೂ ಏದುಸಿರು ಬಿಡುತ್ತಿದ್ದಳು. ಮೇಡಂ, "ಬೇಡ, ಬಿಟ್ಟುಬಿಡಿ. ಮೂರು ಸಾಕು" ಎಂದರು. ಅದನ್ನೇ ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

"ನಾಕ್ ಸಲ ಅಂದಿದ್ರಲ್ಲ. ಮೂರಕ್ಕೇ ನಿಲ್ಸುದ್ರೆ ಮಾಡಿದ್ದೆಲ್ಲ ಕೆಟ್ಟೋಗಲ್ವಾ?" ಎಂದಳು. ಅವಳ ದನಿಯಲ್ಲಿ ಗಾಬರಿಯಿತ್ತು. "ನಂಗೆ ಬರಕಾಗಲ್ಲ. ನೀನೇ ಬಾ. ಇಲ್ಲೇ ತಕ್ಕೊ."

ಹೋದೆ. ಬೇಸಿಗೆ ಶುರುವಾಗಿತ್ತು. ಜಗಲಿಯ ಮೇಲೆ ಚಾಪೆ ಹಾಸಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದೆವು. ತೋಳಿನ ಚರ್ಮ ಹಲಗೆಯಂತಾಗಿತ್ತು. ರಬ್ಬರ್ ಪಟ್ಟಿ ಕಟ್ಟಿದರೂ ನರ ಕೈಗೆ ಸಿಗಲಿಲ್ಲ. ಮೊದಲ ಸಲ ತಪ್ಪಿತು, ಎರಡನೆಯ ಸಲವೂ ತಪ್ಪಿತು. ಭಾವ ಎದ್ದು ಹಿತ್ತಲಿಗೆ ಹೋಗಿಬಿಟ್ಟರು. "ಬ್ಯಾಡ ಅಕ್ಕ, ಸಾಕು" ಎಂದೆ. "ಚುಚ್ಚು ಚುಚ್ಚು, ನೋವಾಗಲ್ಲ" ಎಂದಳು. ನಾಲ್ಕನೆಯ ಬಾರಿಗೆ ಮೊಣಕೈ ಒಳಬದಿಯಲ್ಲಿ ಸಿಕ್ಕಿತು. ನಿಧಾನಕ್ಕೆ ಮೂರು ಟ್ಯೂಬು ತುಂಬಿತು. ಅವಳು ಅವನ್ನು ನೋಡುತ್ತ, "ಕಪ್ಗದೆ ಅಲ್ವಾ?" ಎಂದಳು. ಎಲ್ಲರದ್ದೂ ಹಾಗೆಯೇ ಇರುತ್ತದೆ ಎಂದೆ.

ಕಣಗಳು ಬದುಕಿರುವಾಗಲೇ ಪರೀಕ್ಷೆ ಆಗಬೇಕು. ಐಸಿನಲ್ಲಿ ಇಡುವಂತಿಲ್ಲ, ಕಾವೂ ತಾಗಬಾರದು. ಟ್ಯೂಬುಗಳನ್ನು ಟವಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಕೆ.ಆರ್. ಪೇಟೆಯಲ್ಲಿ ಮೈಸೂರಿನ ಬಸ್ಸು ಹತ್ತಿದೆ. ಕಾಲಿಡಲೂ ಜಾಗವಿರಲಿಲ್ಲ. ನೂಕಾಟದಲ್ಲಿ ಚೀಲವನ್ನು ಎದೆಗೆ ಅವಚಿಕೊಂಡು ಒದ್ದಾಡುತ್ತಿದ್ದ ನನ್ನನ್ನು ನೋಡಿ ಡ್ರೈವರು, "ಏನವ್ವ ಅದು, ಇಲ್ಲಿಡು, ಬಾನೆಟ್ ಮೇಲೆ" ಎಂದರು. ಒಡೆಯದೆ ಉಳಿದರೆ ಸಾಕು ಅನ್ನಿಸಿ ಇಟ್ಟೆ. ಪಾಂಡವಪುರ ಇನ್ನೂ ಸ್ವಲ್ಪ ದೂರವಿರುವಾಗ ಮುಂದೆ ಕಬ್ಬಿನ ಟ್ರಾಕ್ಟರೊಂದು ಮಗುಚಿ ರಸ್ತೆ ತುಂಬ ಜಲ್ಲೆ ಬಿದ್ದಿತ್ತು. ಬಸ್ಸು ಇಂಜಿನ್ ಓಡುತ್ತಲೇ ನಿಂತಿತು. ಜನ ಇಳಿದು ನೆರಳಿಗೆ ಹೋದರು. ನಾನೂ ಇಳಿದು ನಿಂತು, ಯಾರೋ ಕಬ್ಬು ಸರಿಸುವುದನ್ನು ನೋಡುತ್ತ, ಹೊತ್ತು ಮೀರುತ್ತಿದೆ ಎಂದು ಚಡಪಡಿಸುತ್ತಿದ್ದೆ. ಇಷ್ಟು ಕಾಲ ಈ ಕೆಲಸ ಮಾಡಿದವಳಿಗೆ ಬಾನೆಟ್ಟು ಕಾಯುತ್ತದೆ ಎಂಬುದು ತಲೆಗೆ ಬರಲಿಲ್ಲ. ಮತ್ತೆ ಹತ್ತಿ ಚೀಲ ಎತ್ತಿಕೊಂಡಾಗ ಟವಲು ಇಸ್ತ್ರಿ ಮಾಡಿದಷ್ಟು ಬಿಸಿಯಾಗಿತ್ತು.

ಆದರೂ ಲ್ಯಾಬಿಗೆ ಹೋಗಿ ಮಾಡಬೇಕಾದ್ದನ್ನೆಲ್ಲ ಮಾಡಿದೆ. ಕೊನೆಗೆ ಒಂದು ತೊಟ್ಟು ನೀಲಿ ಬಣ್ಣ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬದುಕಿರುವ ಕಣ ಆ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸತ್ತದ್ದು ಕುಡಿದುಬಿಡುತ್ತದೆ. ಕಣ್ಣಿಟ್ಟಲ್ಲೆಲ್ಲ ನೀಲಿ. ಒಂದಾದರೂ ಬಿಳಿಯದು ಇದ್ದೀತೆಂದು ಗಾಜಿನ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಸರಿಸಿ ಹುಡುಕಿದೆ. ಆಮೇಲೆ ಪುಸ್ತಕದಲ್ಲಿ ಆ ಸಂಖ್ಯೆಯ ಮುಂದೆ "ಬಳಕೆಗೆ ಬಾರದು" ಎಂದು ಬರೆದೆ.

ಸಂಜೆ ಅಕ್ಕ ಫೋನು ಮಾಡಿದಳು. ಮಾತಿನ ನಡುವೆ ಉಸಿರು ಹಿಡಿಯುತ್ತಿತ್ತು. "ಸರೀಗ್ ಬಂತಾ?"

"ಚೆನ್ನಾಗಿ ಬಂತು ಅಕ್ಕ."

"ಏನ್ ಕಾಣಿಸ್ತು?"

"ಇನ್ನೂ ನೋಡ್ಬೇಕು" ಎಂದೆ.

"ನಾಕೂ ಆಯ್ತಲ್ಲ. ಸದ್ಯ" ಎಂದಳು. ಅವಳ ಗೆಲುವಾದ ದನಿ ನಾನು ಕೇಳಿದ್ದು ಅದೇ ಕೊನೆ. ಮುಂಗಾರು ಬರುವಷ್ಟರಲ್ಲಿ ಮನೆಗೆ ಆಮ್ಲಜನಕದ ಯಂತ್ರ ಬಂದಿತ್ತು. ನಾಟಿ ಮುಗಿಯುವ ಹೊತ್ತಿಗೆ ಅಕ್ಕ ಹೋದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಸಾಕು ಎಂಬಂತೆ ಕೈ ಆಡಿಸಿದಳಂತೆ. ಭಾವ ಲೋಟ ಕೆಳಗಿಟ್ಟು ತಿರುಗುವಷ್ಟರಲ್ಲಿ ಮುಗಿದಿತ್ತು. ನಾನು ಆಗ ಕೆಲಸದಲ್ಲಿದ್ದೆ.

ವರ್ಷದ ಕಾರ್ಯಕ್ಕೆ ಶ್ರೀರಂಗಪಟ್ಟಣದ ಹೊಳೆದಂಡೆಗೆ ಹೋಗಿದ್ದೆವು. ಕೆಲಸವೆಲ್ಲ ಮುಗಿದು ನೆಂಟರು ಊಟಕ್ಕೆ ಎದ್ದು ಹೋದ ಮೇಲೆ ಭಾವ ಮೆಟ್ಟಿಲ ಮೇಲೆ ನನ್ನ ಪಕ್ಕ ಬಂದು ಕೂತರು. ತಲೆ ಬೋಳಿಸಿಕೊಂಡಿದ್ದರಿಂದ ಸಣ್ಣಗೆ ಕಾಣುತ್ತಿದ್ದರು.

"ಅವ್ಳ ರಕ್ತದಲ್ಲಿ ಏನಾದ್ರೂ ಗೊತ್ತಾಯ್ತೇನವ್ವ?" ಎಂದರು.

ನಮ್ಮ ಅಧ್ಯಯನದ ಲೇಖನ ಆಗಷ್ಟೇ ಪ್ರಕಟವಾಗಿತ್ತು. ಫೋನಿನಲ್ಲಿ ಅದರ ಚಿತ್ರವೊಂದನ್ನು ತೆರೆದು ತೋರಿಸಿದೆ. ಎರಡು ಸಾಲು ಚುಕ್ಕಿಗಳು: ಒಂದು ಸಾಲು ಕಾಯಿಲೆಯವರದು, ಇನ್ನೊಂದು ಆರೋಗ್ಯವಂತರದು. ವ್ಯತ್ಯಾಸ ಇರುವಂತೆ ಕಾಣುತ್ತದೆ, ಆದರೆ ಖಚಿತವಾಗಿ ಹೇಳಲು ಇನ್ನಷ್ಟು ಜನರನ್ನು ನೋಡಬೇಕು ಎಂದು ಕೆಳಗೆ ಬರೆದಿತ್ತು. ಭಾವ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇದ್ರಲ್ಲಿ ಅವ್ಳು ಯಾವ್ದು?"

"ಗೊತ್ತಾಗಲ್ಲ ಭಾವ. ಹೆಸ್ರು ಹಾಕಲ್ಲ."

"ಅಂಗಾರೆ ಅವ್ಳಿಗೆ ಏನ್ ಮಾಡುದ್ರಿ ಇದ್ರಲ್ಲಿ?"

ಆಗ ಹೇಳಿದೆ. ಇದು ಅವಳ ಕಾಯಿಲೆ ವಾಸಿ ಮಾಡುವುದಕ್ಕೆ ಇದ್ದದ್ದಲ್ಲ, ಮೊದಲಿನಿಂದಲೂ ಅಲ್ಲ ಎಂದೆ. ಕೊನೆಯ ಸಲದ್ದು ಬಸ್ಸಿನಲ್ಲೇ ಹಾಳಾಯಿತು, ಅದು ನನ್ನ ತಪ್ಪು ಎಂದೂ ಹೇಳಿದೆ. ಭಾವ ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಅವ್ಳಿಗೆ ಗೊತ್ತಿತ್ತಾ?"

"ಇಲ್ಲ."

ಅವರು ಬೈದಿದ್ದರೆ ಚೆನ್ನಾಗಿತ್ತು. ಹೊಳೆಯ ಕಡೆ ನೋಡುತ್ತ, "ನಾಕ್ ಕಡೆ ಚುಚ್ಚುದ್ಯಲ್ಲವ್ವ" ಎಂದರು. ಒದ್ದೆ ಪಂಚೆ ಹಿಂಡಿಕೊಂಡು ಎದ್ದರು. ಊಟಕ್ಕೆ ನಿಲ್ಲಲಿಲ್ಲ. ಬಸ್ ಸ್ಟ್ಯಾಂಡಿನ ಕಡೆ ಅವರು ನಡೆದುಹೋದದ್ದನ್ನು ನಾನು ಮೆಟ್ಟಿಲ ಮೇಲಿಂದಲೇ ನೋಡಿದೆ. ಅಂದಿನಿಂದ ಅವರು ನಮ್ಮ ಮನೆಗೆ ಬಂದಿಲ್ಲ. ಹಬ್ಬಕ್ಕೆ ಫೋನು ಮಾಡಿದರೆ ಅಮ್ಮನ ಜೊತೆ ಮಾತಾಡಿ ಇಟ್ಟುಬಿಡುತ್ತಾರೆ.