ಪಯ್ಯಂಪಳ್ಳಿಯ ಹೊಳೆಚಿಪ್ಪು ಮತ್ತು ಬೊಮ್ಮಕ್ಕನ ಪಟ

ಬೆಳಿಗ್ಗೆ ಆರೂವರೆಗೆ ಗುಂಡ್ಲುಪೇಟೆಯಲ್ಲಿ ಬತ್ತೇರಿ ಬಸ್ಸು ಹತ್ತಿದಾಗ ನನ್ನ ಹೊಟ್ಟೆಯಲ್ಲಿ ಒಂದು ಲೋಟ ಕಾಫಿ ಬಿಟ್ಟರೆ ಬೇರೇನೂ ಇರಲಿಲ್ಲ. ಬೇಕೆಂದೇ ಖಾಲಿ ಇಟ್ಟುಕೊಂಡಿದ್ದೆ. ಪಯ್ಯಂಪಳ್ಳಿಯ ರಾಜಣ್ಣನ ಹೋಟೆಲಿಗೆ ಹೊಳೆಚಿಪ್ಪಿನ ಸಾರು ಉಣ್ಣಲು ಹೊರಟವನು ದಾರಿಯಲ್ಲಿ ಇಡ್ಲಿ ತಿಂದು ಜಾಗ ಹಾಳು ಮಾಡಿಕೊಳ್ಳಬಾರದು ಎಂಬುದು ಇಪ್ಪತ್ತು ವರ್ಷಗಳಿಂದ ನಾನು ಪಾಲಿಸಿಕೊಂಡು ಬಂದ ನಿಯಮ. ಮೇಷ್ಟರ ಕೆಲಸದಲ್ಲಿದ್ದಾಗ ವರ್ಷಕ್ಕೊಮ್ಮೆ ಹೋಗುತ್ತಿದ್ದೆ. ಮಂಡಿನೋವಿನಿಂದಾಗಿ ಈಚೆಗೆ ನಾಲ್ಕು ವರ್ಷ ತಪ್ಪಿತ್ತು.

ಜನವರಿಯ ಮಂಜು ಬಂಡೀಪುರ ದಾಟುವವರೆಗೂ ಕಿಟಕಿಗೆ ಅಂಟಿಕೊಂಡೇ ಇತ್ತು. ಕೇರಳ ಗಡಿಯ ಮುತ್ತಂಗದಲ್ಲಿ ತಪಾಸಣೆಯವರು ಬಸ್ಸು ಹತ್ತಿ ನನ್ನ ಚೀಲವನ್ನು ತಡವಿದರು. ಒಳಗಿದ್ದದ್ದು ಒಂದು ಟವಲು, ಬೊಮ್ಮಕ್ಕನಿಗೆಂದು ಒಯ್ಯುತ್ತಿದ್ದ ವೀಳ್ಯದೆಲೆಯ ಕಟ್ಟು. ಬೊಮ್ಮಕ್ಕ ಹೊಳೆಯಂಚಿನ ಹಾಡಿಯವಳು. ರಾಜಣ್ಣ ಹೋಟೆಲು ತೆರೆದ ದಿನದಿಂದ ಚಿಪ್ಪು ಹೆಕ್ಕಿ ಕೊಡುತ್ತಿದ್ದವಳು ಅವಳೇ. ಬತ್ತೇರಿಯಲ್ಲಿ ಬಸ್ಸು ಬದಲಿಸಿ ಮಾನಂದವಾಡಿಗೆ, ಅಲ್ಲಿಂದ ಜೀಪಿನಲ್ಲಿ ಪಯ್ಯಂಪಳ್ಳಿಗೆ. ತಲುಪುವ ಹೊತ್ತಿಗೆ ಹನ್ನೊಂದೂವರೆ, ಹಸಿವೆಯಿಂದ ಕಣ್ಣು ಕತ್ತಲಿಡುತ್ತಿತ್ತು.

ಹೋಟೆಲಿನ ಮುಂದೆ ನಿಂತು ತಪ್ಪು ಜಾಗಕ್ಕೆ ಬಂದೆನೇನೋ ಅಂದುಕೊಂಡೆ. ಹೆಂಚಿನ ಮಾಡು ಹೋಗಿ ಗಾಜಿನ ಬಾಗಿಲು ಬಂದಿತ್ತು. ಬೋರ್ಡಿನಲ್ಲಿ 'ಕೊರಿಯನ್' ಎಂದು ಕೆಂಪಕ್ಷರ, ಅದರ ಕೆಳಗೆ 'ವಯನಾಡಿನ ಹೊಳೆಚಿಪ್ಪು'. ಒಳಗೆ ಕಾಲಿಟ್ಟರೆ ಎದುರು ಗೋಡೆಯ ಮೇಲೆ ಬೊಮ್ಮಕ್ಕ. ಸೊಂಟದ ಮಟ್ಟ ನೀರಿನಲ್ಲಿ ಬುಟ್ಟಿ ಹಿಡಿದು ನಗುತ್ತಿರುವ ಪಟಕ್ಕೆ ಗಾಜು ಹಾಕಿಸಿ, ದಪ್ಪ ಮರದ ಚೌಕಟ್ಟು ಕಟ್ಟಿಸಿದ್ದರು. ಕೆಳಗೆ, 'ಇವರ ಕೈಯಿಂದ ನಿಮ್ಮ ತಟ್ಟೆಗೆ'. ನೋಡಿ ನನಗೆ ನಿಜಕ್ಕೂ ಖುಷಿಯಾಯಿತು, ಆ ಪೆದ್ದುತನವನ್ನು ಮುಚ್ಚಿಡುವುದಿಲ್ಲ.

ತಟ್ಟೆ ಬಂತು. ಕೆಂಪು ಸಾರು, ಮೇಲೆ ಎಳ್ಳು. ಮೊದಲ ತುತ್ತಿಗೇ ಸಮುದ್ರದ ಉಪ್ಪುವಾಸನೆ ಮೂಗಿಗೆ ಹೊಡೆಯಿತು. ಚಿಪ್ಪಿನ ಮಾಂಸವೆಲ್ಲ ಅಳತೆ ಹಿಡಿದು ಕತ್ತರಿಸಿದಷ್ಟು ಒಂದೇ ಗಾತ್ರ. ಹೊಳೆಯಲ್ಲಿ ಹಾಗೆ ಬೆಳೆಯುತ್ತವೆಯೇ? ತಟ್ಟೆಯನ್ನು ಹಾಗೇ ಬಿಟ್ಟು ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಡುಗೆಮನೆಯ ಬಾಗಿಲಲ್ಲಿ ಹಿಮ ಹಿಡಿದ ಪ್ಲಾಸ್ಟಿಕ್ ಪೊಟ್ಟಣಗಳ ರಾಶಿ ಕರಗುತ್ತ ಬಿದ್ದಿತ್ತು, ಒಳಗೆಲ್ಲ ಕಡಲ ಚಿಪ್ಪಿನ ಮಾಂಸ.

ಕೊರಿಯಾದವರ ಮೇಲೆ ನನಗೇನೂ ಸಿಟ್ಟಿಲ್ಲ. ತಮ್ಮ ಕಡಲ ದಂಡೆಯ ಚಿಪ್ಪನ್ನೇ ನಂಬಿ ತಲೆಮಾರುಗಟ್ಟಲೆ ಹೋಟೆಲು ನಡೆಸಿದ ಸಂಸಾರಗಳು ಅಲ್ಲಿವೆಯಂತೆ. ಅವರೂ ಚಿಪ್ಪನ್ನು ಕತ್ತಲಲ್ಲಿ ನೆನೆಹಾಕಿ ಮರಳು ಉಗುಳಿಸಿಯೇ ಒಲೆಗಿಡುತ್ತಾರಂತೆ. ಅವರ ಹೆಸರನ್ನೂ ಕೆಡಿಸಿ, ಬೊಮ್ಮಕ್ಕನ ಮುಖವನ್ನೂ ಮಾರಿಕೊಂಡ ರಾಜಣ್ಣ ಗಲ್ಲಾದ ಹಿಂದೆ ಕೂತಿದ್ದನ್ನು ಕಂಡು ನನ್ನ ಮೈ ಉರಿದುಹೋಯಿತು.

"ಏನ್ ರಾಜಣ್ಣ ಇದು?" ಎಂದೆ.

ರಾಜಣ್ಣನ ಅಜ್ಜ ಗುಂಡ್ಲುಪೇಟೆ ಕಡೆಯಿಂದಲೇ ಬಂದು ಇಲ್ಲಿ ಬೇಸಾಯಕ್ಕೆ ನಿಂತವರು. ಅವನು ತಲೆ ಕೆರೆದುಕೊಂಡ. "ಏನ್ಮಾಡದು ಮೇಷ್ಟ್ರೇ. ರೆಸಾರ್ಟ್‌ನವ್ರು ದಿನಕ್ಕೆ ಐವತ್ತು ತಟ್ಟೆ ಕೇಳ್ತರೆ. ಹೊಳೆ ಎರುಂದು ಒಂದಿನ ಸಿಕ್ಕುದ್ರೆ ಒಂದಿನ ಇಲ್ಲ. ಕಚ್ಚವಡ ನಡೀಬೇಕಲ್ಲ." ಎರುಂದು ಎಂದರೆ ಚಿಪ್ಪು, ಕಚ್ಚವಡ ಎಂದರೆ ವ್ಯಾಪಾರ. ಎರಡೂ ಮಲಯಾಳದ ಮಾತೇ, ಅಲ್ಲಿನ ಕನ್ನಡದಲ್ಲಿ ಕರಗಿಹೋಗಿವೆ.

"ಮತ್ತೆ ಬೊಮ್ಮಕ್ಕನ ಪಟ?"

"ಬಂದವ್ರೆಲ್ಲ ಅದ್ರ ಮುಂದೇನೇ ನಿಂತ್ಕಂಡು ಫೋಟೋ ಹೊಡ್ಕಳದು."

ಅವನೊಡನೆ ಇನ್ನೊಂದು ಮಾತು ಆಡಿದರೆ ಕೈ ಮಿಲಾಯಿಸಬೇಕಾಗುತ್ತಿತ್ತು. ಎಲೆಯ ಕಟ್ಟು ಹಿಡಿದು ಹೊಳೆದಾರಿ ಇಳಿದೆ.

ಬೊಮ್ಮಕ್ಕ ಗುಡಿಸಲ ಮುಂದೆಯೇ ಕೂತಿದ್ದಳು. ಪಕ್ಕದಲ್ಲಿ ಅಗಲ ಬಾಯಿಯ ಮಣ್ಣಿನ ಮಡಕೆ, ಅದರಲ್ಲಿ ಹೊಳೆ ನೀರು, ನೀರೊಳಗೆ ಆಗಷ್ಟೇ ಹೆಕ್ಕಿ ತಂದ ಚಿಪ್ಪು, ಚಿಪ್ಪಿನ ನಡುವೆ ತುಕ್ಕು ಹಿಡಿದ ಕುಡುಗೋಲು. ಕಬ್ಬಿಣದ ವಾಸನೆ ಬೇಕು, ಮೇಲೆ ಬೆಳಕು ಬೀಳಬಾರದು, ಒಂದು ಇರುಳು ಕಳೆಯಬೇಕು. ಆಗಲೇ ಚಿಪ್ಪು ಬಾಯಿಬಿಟ್ಟು ಮಣ್ಣು ಕಕ್ಕುವುದು. ಅಷ್ಟಾಗದೆ ಒಂದು ಚಿಪ್ಪನ್ನೂ ಅವಳು ಯಾರಿಗೂ ಕೊಟ್ಟವಳಲ್ಲ. ಈಗ ಹೆಕ್ಕುವುದು ಮನೆಯ ಸಾರಿಗೆ ಮಾತ್ರ.

"ಹೋದ್ ಮಳೆಗಾಲ್ದಿಂದ ತಕ್ಕಳಾಕಿಲ್ಲ ಅಂದ," ಎಂದಳು. "ಹೋಗ್ಲಿ, ಅವ್ನ ಹೋಟ್ಲು ಅವ್ನಿಷ್ಟ. ಕೂಲಿ ಮಾಡ್ಕಂಡು ತಿಂತೀನಿ. ಆದ್ರೆ ಮೇಷ್ಟ್ರೇ, ಮೊನ್ನೆ ಅಲ್ಲುಂಡ ಇಬ್ರಿಗೆ ಹೊಟ್ಟೆ ಕೆಟ್ಟೋಯ್ತು. ಪೇಟೇಲಿ ನನ್ನ ತಡ್ದು ಕೇಳುದ್ರು, ನೀನೇ ಅಲ್ವಾ ಪಟದಾಗಿರಾಳು, ಎಂಥ ಕೊಳಕು ಎರುಂದು ಕೊಟ್ಟೆ ಅಂತ. ನನ್ ಕೈಯಿಂದ ಯಾರ್ಗೂ ಒಂದಿನ ಹಂಗಾಗಿಲ್ಲ. ಆ ಪಟ ಇಳುಸ್ಕಳಿ ಅಂತ ಮೂರ್ ಸಲ ಕೇಳ್ದೆ. ಆಯ್ತು ಆಯ್ತು ಅಂತನೆ, ಇಳ್ಸಾಕಿಲ್ಲ."

ಇಷ್ಟು ಹೇಳುವಾಗ ಅವಳ ದನಿ ಏರಲಿಲ್ಲ. ಏರಿದ್ದು ನನ್ನ ರಕ್ತದೊತ್ತಡ. ಮಂಡಿನೋವು ಮರೆತು ದಿಬ್ಬ ಹತ್ತಿದೆ, ಗಾಜಿನ ಬಾಗಿಲು ತಳ್ಳಿದೆ, ಊಟ ಮಾಡುತ್ತಿದ್ದವರ ನಡುವೆಯೇ ಬೆಂಚು ಎಳೆದೆ.

"ಮೂರು ಸಲ ಕೇಳಿದಾಳಂತೆ. ನಿಜವೋ ಸುಳ್ಳೋ?"

ರಾಜಣ್ಣ ಸುತ್ತ ನೋಡಿದ. ಎಲ್ಲರೂ ಉಣ್ಣುವುದನ್ನು ನಿಲ್ಲಿಸಿದ್ದರು.

"ನೀವೇ ಇಳುಸ್ಕಳಿ ಮೇಷ್ಟ್ರೇ," ಎಂದ ಕೊನೆಗೆ. "ನನ್ ಕೈಲಾಗಾಕಿಲ್ಲ."

ಅರವತ್ತೆರಡರ ಪ್ರಾಯದಲ್ಲಿ ಬೆಂಚು ಹತ್ತಿ ಪಟ ಇಳಿಸಿದೆ. ಯಾರೂ ಸಹಾಯಕ್ಕೆ ಬರಲಿಲ್ಲ, ಯಾರೂ ತಡೆಯಲೂ ಇಲ್ಲ. ಹೊಳೆದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡು ಅದನ್ನು ಹೊತ್ತೊಯ್ದೆ.

ಬೊಮ್ಮಕ್ಕ ಪಟವನ್ನು ಮಡಿಲಲ್ಲಿಟ್ಟುಕೊಂಡು ಒಮ್ಮೆ ನೋಡಿದಳು. ಸೆರಗಿನಿಂದ ಗಾಜಿನ ಮೇಲಿನ ಎಣ್ಣೆಜಿಡ್ಡು ಒರೆಸಿದಳು. ನನಗೆ ಎರಡು ಬೇಯಿಸಿದ ಗೆಣಸು, ಒಂದು ಲೋಟ ಹಾಲಿಲ್ಲದ ಕಟ್ಟನ್ ಚಹಾ ಕೊಟ್ಟಳು. ಆ ದಿನದ ನನ್ನ ಊಟ ಅಷ್ಟೇ. ಚಿಪ್ಪು ಮಾತ್ರ ಕೊಡಲಿಲ್ಲ. "ಇವತ್ತು ತಂದಿರದು, ಇನ್ನೂ ಮಣ್ ಬಿಟ್ಟಿಲ್ಲ," ಎಂದಳು.

ಮೂರೂವರೆಯ ಜೀಪು ಹಿಡಿಯಬೇಕಿತ್ತು. ದಿಬ್ಬದ ತಿರುವಿನಲ್ಲಿ ನಿಂತು ಹಿಂತಿರುಗಿ ನೋಡಿದೆ. ಬೊಮ್ಮಕ್ಕ ಕುಡುಗೋಲನ್ನು ನೀರೊಳಗೆ ಸರಿಮಾಡಿ, ಪಟವನ್ನು ಮುಖ ಕೆಳಗೆ ಮಾಡಿ ಮಡಕೆಯ ಬಾಯಿಗೆ ಮುಚ್ಚಿ, ಮೇಲೊಂದು ಕಲ್ಲು ಹೇರುತ್ತಿದ್ದಳು.